ತಿದಿಯ ಹಗ್ಗ

ಅದಿರಿನ ಧೂಳು ಮುಗಿಬೀಳುವ ಆ ಊರಿನಲ್ಲಿ ಮನೆಗೊಂದು ಧೂಳು ಸೋಸುವ ಗಾಳಿ ತಿದಿ. ಧೂಳು ಏಳುತ್ತಿದೆಯೆಂದು ಸೈರನ್ ಕೂಗಿದೊಡನೆ ಬಾಗಿಲು ಮುಚ್ಚಿ, ಕಲ್ಲು ಕಟ್ಟಿದ ಹಗ್ಗ ಜಗ್ಗಬೇಕು. ಕಲ್ಲು ಮೇಲೆದ್ದಷ್ಟೇ ಒಳಗೆ ಒಳ್ಳೆಯ ಗಾಳಿ. ಶ್ವಾಸಕೋಶ ಕೆಟ್ಟವರು ದಿನವೂ ತಾವೇ ಹತ್ತು ಸಲ ಜಗ್ಗಿ ರಟ್ಟೆ ಗಟ್ಟಿ ಇಟ್ಟುಕೊಳ್ಳಬೇಕೆಂದು ನರ್ಸಮ್ಮ ಹೇಳಿ ಹೋಗಿದ್ದಳು. ಆದರೆ ಗಂಡ ಈರಬಸಪ್ಪ ಎರಡು ಸಲಕ್ಕೇ ಏದುಸಿರು ಬಿಡುವುದನ್ನು ಹೊನ್ನವ್ವನಿಗೆ ನೋಡಲಾಗಲಿಲ್ಲ.

“ನೀವು ಕೂಡ್ರಿ, ನಾ ಜಗ್ತೀನಿ,” ಎಂದಳು. ಆರು ತಿಂಗಳು ಹಾಗೇ ನಡೆಯಿತು.

ನಿನ್ನೆ ನಳದ ಹತ್ತಿರ ಜಾರಿ ಬಿದ್ದು ಅವಳ ಬಲಗೈ ಮುರಿಯಿತು. ಇವತ್ತು ಮಧ್ಯಾಹ್ನ ಸೈರನ್ ಕೂಗಿತು.

ಈರಬಸಪ್ಪ ಎರಡೂ ಕೈಯಿಂದ ಹಗ್ಗ ಹಿಡಿದ. ಅವಳೂ ಎಡಗೈ ಹಚ್ಚಿದಳು. ಒಂದು ಕಾಲಕ್ಕೆ ಗಣಿಯಲ್ಲಿ ಲಾರಿ ತುಂಬುತ್ತಿದ್ದ ಅವನ ತೋಳುಗಳು ಅಂಗಿಯೊಳಗೆ ಸೌಟಿನ ಹಿಡಿಯಷ್ಟು ಸಣ್ಣಗಾಗಿದ್ದವು. ಕಲ್ಲು ಗೇಣುದ್ದ ಎದ್ದು ಧಪ್ಪನೆ ಕೂತಿತು. ಹೊರಗಿನ ಧೂಳಿಗೆ ಕಿಟಕಿಯ ಗಾಜು ಕೆಂಪಾಗತೊಡಗಿತು.

“ನನ್ನ ಕೈಲೆ ಆಗವಲ್ದು, ಹೊನ್ನಿ,” ಎಂದು ಅವನು ಗೋಡೆಗೊರಗಿ ಕುಸಿದ.

ಆರು ತಿಂಗಳು ಅವನನ್ನು ಕೂಡ್ರಿಸಿದ ಬಾಯಿಂದಲೇ ಹೊನ್ನವ್ವ ಚೀರಿದಳು: “ಏಳ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದು ಜಗ್ರಿ!”