ಸಡಿಲಾದ ಕ್ಲಿಪ್ಪು

ಮೆಕ್ಯಾನಿಕ್ ಧರೆಪ್ಪ ಬಟ್ಟೆ ಒಗೆಯುವ ಮಷೀನಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನೀರು ಸೋರುತ್ತಿದ್ದ ಪೈಪಿನ ಕ್ಲಿಪ್ಪಿಗೆ ಬ್ಯಾಟರಿ ಬೆಳಕು ಬಿಟ್ಟ. ಸ್ಕ್ರೂ ಮೇಲೆ ಅರಿಶಿನದ ಬೆರಳಗುರುತು! ಬಾಗಿಲಲ್ಲಿ ನಿಂತಿದ್ದ ಚಂಪಾಬಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತಾನ ಸಡ್ಲ ಆಗೈತೇನೋ," ಎಂದಳು.

"ತಿಂಗಳಿಗೊಮ್ಮೆ ತಾನ ಸಡ್ಲ ಆಗತೈತ್ರಿ," ಎಂದ ಅವನು, ತಲೆ ಎತ್ತದೆ.

ಮನೆಯವರ ಮಾತು ಮೀರಿ ಮದುವೆಯಾಗಿ ನಿಪ್ಪಾಣಿಗೆ ಬಂದವಳಿಗೆ ಯಡೂರಿನ ತವರು ಬಾಗಿಲು ಮುಚ್ಚಿ ಆರು ವರ್ಷ. ಧರೆಪ್ಪ ಆ ತವರಿನ ಓಣಿಯವನೇ. ಅವನು ಬಂದಾಗಲೆಲ್ಲ ಚಹಾ ಕೊಟ್ಟು, ಹೊಳೆಗೆ ನೀರು ಬಂತೇ, ಹಿತ್ತಲ ಬೇವಿನ ಗಿಡ ಇದೆಯೇ ಎಂದೆಲ್ಲ ಕೇಳುವಳು. ಅವ್ವನ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ.

ಧರೆಪ್ಪ ಕ್ಲಿಪ್ಪು ಬಿಗಿದು, ಅರಿಶಿನವನ್ನು ಅರಿವೆಯಿಂದ ಒರೆಸಿ ಎದ್ದ.

"ನಿಮ್ಮ ಅವ್ವಾರು ಮೊನ್ನೆ ನನ್ನ ತಡದು ಕೇಳಾಕತ್ತಿದ್ರು ಅಕ್ಕಾರ, ಈ ತಿಂಗಳ ಮಷೀನು ಇನ್ನೂ ಸೋರಿಲ್ಲೇನೋ ಅಂತ."