ಆರು ತಿಂಗಳು ಕಡಲೆಹಿಟ್ಟು

ಸೋಪಿನ ಕಂಪನಿ ಹೊಳೆಗೆ ಬಿಡುತ್ತಿದ್ದ ಕೊಳೆನೀರೇ ಊರಿನ ನಲ್ಲಿಗಳಲ್ಲಿ ಬರುತ್ತಿತ್ತು. ಎಮ್ಮೆಲ್ಲೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವರನ್ನು ಕಂಪನಿ ಕೊಂಡುಕೊಂಡಿದೆ ಎಂದು ಗೊತ್ತಾದ ದಿನವೇ ಲಕ್ಕಮ್ಮ ಊರ ಹೆಂಗಸರನ್ನೆಲ್ಲ ಸೇರಿಸಿ, ಆ ಸೋಪು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ಆರು ತಿಂಗಳು ಊರಿಗೆ ಊರೇ ಕಡಲೆಹಿಟ್ಟು ಉಜ್ಜಿಕೊಂಡು ಮಿಂದಿತು.

ಏಳನೆಯ ತಿಂಗಳು ಕಂಪನಿಯ ಗೂಡ್ಸ್ ಆಟೋ ಅವಳ ಮನೆ ಮುಂದೆ ನಿಂತಿತು. ಹಿಂದೆ, ರಟ್ಟಿನ ಪೆಟ್ಟಿಗೆಗಳ ನಡುವೆ, ಎಮ್ಮೆಲ್ಲೆ ಕೂತಿದ್ದರು.

"ನೀವೇ ಗೆದ್ರಿ ಅಕ್ಕ," ಎಂದ ಸೇಲ್ಸ್‌ಮನ್. "ತಗೊಳ್ಳಿ ನಿಮ್ಮ ಎಮ್ಮೆಲ್ಲೆನ, ನಿಮ್ಮ ಮಾಲು ನಿಮಗೇ ವಾಪಸ್ಸು. ಇಲ್ಲೊಂದು ಸೈನ್ ಹಾಕಿ."

ಸೈನ್ ಹಾಕುವಾಗ ಲಕ್ಕಮ್ಮನ ಕಣ್ಣು ತುಂಬಿ ಬಂತು. "ಸ್ವಾಮಿ, ಇನ್ನಾದ್ರೂ ನಮ್ಮ ನೀರಿನ ವಿಷಯ ಮಾತಾಡಿ."

ಎಮ್ಮೆಲ್ಲೆ ಇಳಿದು ಒಳಗೆ ಹೋಗಿ, ಇದ್ದೊಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

"ಮಾತಾಡೋಣ ತಾಯಿ. ಮೊದ್ಲು ಬಾಡೂಟ ಆಗ್ಲಿ. ನಮ್ಮ ಹುಡುಗ್ರು ಹಿಂದೆ ಬರ್ತಾವ್ರೆ, ಒಂದು ನಲವತ್ತು ಜನ. ಇನ್ಮೇಲೆ ನಮ್ಮನ್ನ ನೋಡ್ಕೊಳ್ಳೋರು ನೀವೇ ಅಲ್ವಾ?"

ಲಕ್ಕಮ್ಮ ಹೊರಗೆ ಓಡಿದಳು. ಆಟೋ ಹತ್ತುತ್ತಿದ್ದ ಸೇಲ್ಸ್‌ಮನ್ನಿನ ತೋಳು ಹಿಡಿದು ಮೆಲ್ಲಗೆ ಕೇಳಿದಳು:

"ಇವರನ್ನ ನೀವೇ ಇಟ್ಕೋಬೇಕು ಅಂದ್ರೆ, ನಾವು ತಿಂಗಳಿಗೆ ಎಷ್ಟು ಸೋಪು ತಗೋಬೇಕಪ್ಪ?"