ನಾಲ್ಕು ಬೆರಳಿನ ಹೆಜ್ಜೆ

"ಯಾರೋ ಬರಿಗಾಲಲ್ಲಿ ನಡೆದಿದ್ದಾರೆ," ಎಂದಳು ಡಲ್ಸಿ, ಚಹಾದ ಲೋಟ ಬಾಯಿಗೆ ಒಯ್ಯುತ್ತಿದ್ದವಳು ಹಾಗೇ ನಿಂತು.

ಡೇರೆಗಳ ನಡುವಿನ ಕೆಂಪು ಮರಳಿನ ಮೇಲೆ ಪ್ರವಾಸಿಗಳ ಬೂಟಿನ ಗುರುತುಗಳು ಒಂದನ್ನೊಂದು ತುಳಿದುಕೊಂಡು ಬಿದ್ದಿದ್ದವು. ಅವುಗಳಿಂದ ಸರಿದು ಒಂದು ಸಾಲು ಬರಿಯ ಪಾದ. ಎಡಗಾಲಿನ ಕಿರುಬೆರಳು ಮರಳಿಗೆ ತಾಗಿಯೇ ಇರಲಿಲ್ಲ.

"ಯಾರಾದ್ರೇನು ಅಜ್ಜಿ, ಮುಳ್ಳು ಚುಚ್ಚಿದ್ರೆ ತಾವೇ ಕಿರುಚ್ಕೋತಾರೆ," ಎಂದ ಕ್ರೇಗ್. ಅವನು ಪ್ರವಾಸಿಗಳ ಗಾಡಿ ಓಡಿಸುವವನು. ಅವರಿಗೆ ಈ ನೆಲ ತೋರಿಸುವವಳು ಇವಳು. "ಬಾ, ರೊಟ್ಟಿ ಆರ್ತಾ ಇದೆ."

"ತಿನ್ನು ಹೋಗು. ನಿಂಗೆ ಕಣ್ಣು ಕೊಟ್ಟಿರೋದೇ ರೊಟ್ಟಿ ನೋಡೋಕೆ."

ಅಂಥದೇ ಹೆಜ್ಜೆಯನ್ನು ಡಲ್ಸಿ ಹತ್ತು ವರ್ಷದವಳಿದ್ದಾಗ ನೋಡಿದ್ದಳು. ಈ ನೆಲದ ಮೂಲನಿವಾಸಿಗಳಲ್ಲಿ ಮೈಬಣ್ಣ ತುಸು ತಿಳಿಯಾದ ಮಕ್ಕಳನ್ನು ಬಿಳಿಯರು ತಾಯಂದಿರಿಂದ ಕಿತ್ತುಕೊಳ್ಳುವುದಕ್ಕೆ ಕಾನೂನು ಎಂದು ಹೆಸರಿಟ್ಟಿದ್ದ ಕಾಲ. ಸರ್ಕಾರದ ಲಾರಿ ಆರು ವರ್ಷದ ತಂಗಿಯನ್ನು ಹೇರಿಕೊಂಡು ಹೋದ ಮೇಲೆ, ಗಾಳಿ ಅಳಿಸದಿರಲಿ ಎಂದು ಅವ್ವ ಆ ಮಗುವಿನ ಕೊನೆಯ ಹೆಜ್ಜೆಗೆ ಮರದ ಬೋಗುಣಿ ಮುಚ್ಚಿದಳು. ದಿನಾ ಎತ್ತಿ ನೋಡುವಳು. ಡಲ್ಸಿಯೂ ಪಕ್ಕದಲ್ಲಿ ಕೂತು ನೋಡುವಳು. ನಾಲ್ಕೇ ಬೆರಳು. ಅವ್ವನ ಹೆಜ್ಜೆಯೂ ಹಾಗೇ ಇತ್ತು.

ಸಾಲು ಹಿಡಿದು ಹೋದರೆ ದಿಬ್ಬದಾಚೆ, ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಪ್ರವಾಸಿಗಳಲ್ಲೊಬ್ಬಳು, ಅಡಿಲೇಡಿನಿಂದ ಬಂದ ಲೊರೇನ್. ಐವತ್ತರ ಹತ್ತಿರದ ವಯಸ್ಸು.

"ನಿಮ್ಮವ್ವ ಯಾರು?" ಕೇಳಿದಳು ಡಲ್ಸಿ.

ಲೊರೇನ್ ಗಾಬರಿಯಿಂದ ಎದ್ದಳು. "ಅದನ್ನೇ ಕೇಳ್ಕೊಂಡು ಬಂದಿದೀನಿ ಅಮ್ಮಾ. ಇದು ನಾಲ್ಕನೇ ಶಿಬಿರ. ಅವ್ವನ್ನ ಈ ಮರಳುಗಾಡಿಂದ ಎತ್ಕೊಂಡು ಹೋದ್ರು ಅನ್ನೋದಷ್ಟೇ ಗೊತ್ತು. ಸರ್ಕಾರಿ ಆಫೀಸಿನವರು ಮೊದಲು ದಾಖಲೆ ತಾ, ಆಮೇಲೆ ನೀನು ಯಾರ ಪೈಕಿ ಅಂತ ನೋಡೋಣ ಅಂತಾರೆ."

"ಕದ್ದೋರೇ ರಸೀದಿ ಕೇಳ್ತಾರಾ!"

"ಅವ್ವ ತೀರ್ಕೊಂಡು ಮೂರು ವರ್ಷ ಆಯ್ತು. ಅವಳ ಹೆಸರು..."

ಡಲ್ಸಿಯ ಒರಟು ಅಂಗೈ ಅವಳ ಬಾಯಿ ಮುಚ್ಚಿತು. "ಬೇಡ. ಹೋದೋರ ಹೆಸರು ನಾವು ಹೇಳಲ್ಲ."

ಆಮೇಲೆ ಡಲ್ಸಿ ಮರಳಲ್ಲಿ ಕುಸಿದು ಕೂತು ಸತ್ತ ತಂಗಿಗಾಗಿ ದನಿಯೆತ್ತಿ ಅತ್ತಳು. ಅರವತ್ತು ವರ್ಷಕ್ಕೂ ಮಿಕ್ಕಿ ತಡೆದಿಟ್ಟಿದ್ದ ಅಳು. ಅದು ಮುಗಿದ ಮೇಲೆ ಲೊರೇನಳ ಎಡಗಾಲನ್ನು ತೊಡೆಯ ಮೇಲೆಳೆದುಕೊಂಡು, ಪಕ್ಕದ ಬೆರಳಿನ ಮೇಲೇರಿ ಕೂತಿದ್ದ ಕಿರುಬೆರಳನ್ನು ಸವರಿದಳು.

"ಹೆಸರೂ ಕೇಳ್ದೆ ಹೇಗೆ ನಂಬ್ತೀರಿ?"

"ನಂಬೋದೇನು ಬಂತು? ನಂಗೆ ಓದೋಕೆ ಬರುತ್ತೆ."

"ನಾನು ನಿಮಗೆ ಏನಾಗ್ಬೇಕು ಹಂಗಾದ್ರೆ?"

"ತಂಗಿ ಮಗಳು ಮಗಳಲ್ದೆ ಇನ್ನೇನು, ಪೆದ್ದಿ! ಬಂದ್ಯಲ್ಲ ತಾಯಿ. ಬೂಟು ಬಿಚ್ಚಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ. ರಾತ್ರಿ ಗಾಳಿ ಬೀಸ್ಲಿಲ್ಲ ನೋಡು, ಅದಕ್ಕೂ ಒಂದು ಶರಣು."

ಬಿಸಿಲೇರುವ ಮೊದಲು ಎಲ್ಲರೂ ಬಂಡೆಯ ಬುಡದ ನೀರಿನ ಹೊಂಡಕ್ಕೆ ನಡೆದರು. ಹೊಸಬರು ಆ ನೀರು ಮುಟ್ಟುವ ಮುನ್ನ, ಅಲ್ಲಿ ನೆಲೆಸಿರುವ ಹಿರಿಯರ ಆತ್ಮಗಳಿಗೆ ಈ ನೆಲದ ಮನೆಯವರೊಬ್ಬರು ಕೂಗಿ ತಿಳಿಸಬೇಕು. ಡಲ್ಸಿ ಒಂದು ಹಿಡಿ ಮರಳನ್ನು ನೀರಿಗೆ ತೂರಿ ಕೂಗಿದಳು:

"ಹಿರಿಯರೇ, ಹನ್ನೊಂದು ಜನ ಪರಸ್ಥಳದವರು ಬಂದಿದಾರೆ. ಏನೂ ಮಾಡ್ಬೇಡಿ. ನಾಳೆ ಹೋಗ್ತಾರೆ."

ಕ್ರೇಗ್ ಅವಳ ತೋಳು ಮುಟ್ಟಿ ಪಿಸುಗುಟ್ಟಿದ. "ಹನ್ನೆರಡು ಅಜ್ಜಿ. ಒಬ್ಬರನ್ನ ಬಿಟ್ಟೆ."

"ಹನ್ನೊಂದೇ," ಎಂದಳು ಡಲ್ಸಿ.

ಲೊರೇನ್ ಆಗಲೇ ಹೊಂಡಕ್ಕಿಳಿದು ಬೊಗಸೆಯೊಡ್ಡಿ ಕುಡಿಯುತ್ತಿದ್ದಳು.